ಕಂಡಕ್ಟರಣ್ಣನ ಹಕ್ಕಿ ಪುಸ್ತಕ

ನಾನು ಹಕ್ಕಿ ನೋಡುವುದನ್ನು ಕಲಿತದ್ದು ಬಸ್ಸಿನಲ್ಲಿ. ಮದ್ದೂರಿನ ನಮ್ಮ ಮನೆಯಿಂದ ಮಳವಳ್ಳಿಯ ಸರ್ಕಾರಿ ಕಚೇರಿಯೊಂದಕ್ಕೆ ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದೆ. ಒಂಬತ್ತು ವರ್ಷ ಅದೇ ದಾರಿ, ಹೆಚ್ಚುಕಡಿಮೆ ಅದೇ ಬಸ್ಸು, ಅದೇ ಕಂಡಕ್ಟರು. ಒಂದು ದಿನ ದೊಡ್ಡಿ ಸ್ಟಾಪು ದಾಟಿ ಬಸ್ಸು ಅರ್ಧ ಖಾಲಿಯಾದ ಮೇಲೆ ನಾನು ಕಿಟಕಿಗೆ ತಲೆಯಿಟ್ಟು ತೂಕಡಿಸುತ್ತಿದ್ದೆ. ಅವರು ಟಿಕೆಟ್ ಮೆಷಿನ್ನಿನಿಂದ ನನ್ನ ಮುಂದಿನ ಕಂಬಿಯನ್ನು ತಟ್ಟಿದರು.

"ಮೇಡಂ, ದಿನಾ ಮಲೀಕತೀರಲ್ಲ, ಒಸಿ ಎಡಕ್ಕೆ ನೋಡಿ. ಕರೆಂಟ್ ತಂತಿ ಮ್ಯಾಲೆ."

ತಂತಿಯ ಮೇಲೆ ಮಣ್ಣು ಬಣ್ಣದ ಹಕ್ಕಿಯೊಂದು ಕೂತಿತ್ತು. ಇದರಲ್ಲೇನಿದೆ ಅಂದುಕೊಳ್ಳುವಷ್ಟರಲ್ಲಿ ಹಾರಿತು. ರೆಕ್ಕೆ ಬಿಚ್ಚಿದ್ದೇ ತಡ, ಒಳಗಿದ್ದ ನೀಲಿಯೆಲ್ಲ ಹೊರಗೆ ಬಂತು.

"ನೀಲಕಂಠ," ಎಂದು ಹೇಳಿ ಅವರು "ರೈಟ್, ರೈಟ್" ಎನ್ನುತ್ತ ಮುಂದಿನ ಬಾಗಿಲಿಗೆ ಹೋದರು.

ಅಲ್ಲಿಂದ ಮುಂದೆ ನಾನು ನಿದ್ದೆ ಮಾಡಲಿಲ್ಲ. ಅವರನ್ನು ಅಣ್ಣ ಎಂದು ಕರೆಯಲು ಶುರುಮಾಡಿದೆ. ಅವರು ನನ್ನನ್ನು ಕೊನೆಯವರೆಗೂ ಮೇಡಂ ಎಂದೇ ಕರೆದರು. ಚಿಕ್ಕರಸಿನಕೆರೆಯಲ್ಲಿ ಅವರ ಮನೆ. ಮಗಳನ್ನು ಮಂಡ್ಯಕ್ಕೆ ಕೊಟ್ಟಿದ್ದರು. ಮನೆಯಲ್ಲಿ ಅವರು, ಹೆಂಡತಿ, ಎರಡು ಹಸು.

ಪುಸ್ತಕ ಅವರ ಊಟದ ಚೀಲದಲ್ಲಿ, ಡಬ್ಬಿಯ ಪಕ್ಕದಲ್ಲಿ ಇರುತ್ತಿತ್ತು. ಬೆಂಗಳೂರಿನಲ್ಲಿ ಫುಟ್‌ಪಾತಿನ ಮೇಲೆ ಕೊಂಡದ್ದಂತೆ. ಇಂಗ್ಲಿಷಿನದು. ಕ್ಯಾಲೆಂಡರ್ ಹಾಳೆಯ ಹೊದಿಕೆ, ಅದರ ಮೇಲೆ ಹಾಲಿನ ಪ್ಯಾಕೆಟ್ಟು ಕತ್ತರಿಸಿ ಅಂಟಿಸಿದ ಪ್ಲಾಸ್ಟಿಕ್ಕು. ಪ್ರತಿ ಚಿತ್ರದ ಪಕ್ಕದಲ್ಲೂ ಸಣ್ಣ ಅಕ್ಷರದಲ್ಲಿ, ನೀಲಿ ಪೆನ್ನಿನಲ್ಲಿ, ಕನ್ನಡದ ಹೆಸರು. ಪ್ರಯಾಣಿಕರನ್ನು ಕೇಳಿ ಕೇಳಿ ಬರೆದುಕೊಂಡದ್ದು. ಬೆಸಗರಹಳ್ಳಿ ಕಡೆಯವರು ಹೇಳಿದ ಹೆಸರು ಒಂದು, ಹನಕೆರೆ ಕಡೆಯವರದು ಇನ್ನೊಂದು ಇದ್ದರೆ ಎರಡನ್ನೂ ಬರೆದು ಊರಿನ ಹೆಸರನ್ನೂ ಹಾಕುತ್ತಿದ್ದರು.

ನನ್ನ ಮೊಬೈಲಿನಲ್ಲಿ ಹಕ್ಕಿಯ ಹೆಸರು ಹೇಳುವ ಆ್ಯಪ್ ಇತ್ತು. ಒಮ್ಮೆ ಜಂಬದಿಂದ ತೋರಿಸಿದೆ. ಅವರು ಒಳ್ಳೆಯದು ಎಂದು ತಲೆಯಾಡಿಸಿ, ತಮ್ಮ ಪುಸ್ತಕ ತೆಗೆದರು.

"ಫೋಟೋದಲ್ಲಿ ಅವತ್ತು ಆ ಅಕ್ಕಿ ಯಂಗ್ ಕೂತಿತ್ತೋ ಅಂಗೇ ಇರ್ತದೆ ಮೇಡಂ. ಬಿಸ್ಲಿದ್ರೆ ಒಂದ್ ಬಣ್ಣ, ಮೋಡ ಇದ್ರೆ ಒಂದ್ ಬಣ್ಣ. ಚಿತ್ರ ಬರ್ದೋನು ಅಂಗಲ್ಲ. ನೂರ್ ಅಕ್ಕಿ ನೋಡವ್ನೆ, ನೂರ್ರಲ್ಲೂ ಇರೋದ್ನ ಮಾತ್ರ ಬರ್ದವ್ನೆ. ನೋಡಿ ಇಲ್ಲಿ, ಒಬ್ರಂಗೆ ಒಬ್ರು ಇರೋ ಅಣ್ತಮ್ಮಂದಿರ್ನೆಲ್ಲ ಒಂದೇ ಕಡೀಕೆ ಮೊಕ ಮಾಡಿ ನಿಲ್ಸವ್ನೆ. ವ್ಯತ್ಯಾಸ ಇರೋ ಜಾಗಕ್ಕೆ ಒಂದ್ ಗೀಟು. ಕಾಲ್ ನೋಡು, ಉಬ್ಬು ನೋಡು, ಬಾಲ ನೋಡು ಅಂತ. ಇನ್ನೊಂದ್ ಮಾತಿಲ್ಲ."

ನಿಜ. ಆ ಗೀಟುಗಳನ್ನು ನೋಡುವುದೇ ಒಂದು ಸುಖವಾಗಿತ್ತು. ಬರೆದವನು ಎಲ್ಲ ಬಲ್ಲವನಾಗಿದ್ದೂ, ಕೆರೆಯ ಏರಿ ಮೇಲೆ ನಿಂತ ನನ್ನಂಥವಳಿಗೆ ಈಗ ಬೇಕಾದ ಒಂದೇ ಒಂದು ಸಂಗತಿಯನ್ನು ಹೇಳಿ ಸುಮ್ಮನಾಗಿದ್ದ. ಆದರೆ ಅಣ್ಣ ಪುಸ್ತಕವನ್ನು ಸುಲಭವಾಗಿ ಬಿಚ್ಚಲು ಬಿಡುತ್ತಿರಲಿಲ್ಲ. ಮೊದಲು ಹಕ್ಕಿಯನ್ನು ನೋಡಬೇಕು, ಕಂಡದ್ದನ್ನು ಬಾಯಲ್ಲಿ ಹೇಳಬೇಕು, ಆಮೇಲೆ ಪುಸ್ತಕ. "ಅಕ್ಕಿ ಓಯ್ತದೆ ಮೇಡಂ, ಪುಸ್ತಕ ಎಲ್ಗೂ ಓಗಲ್ಲ," ಎನ್ನುತ್ತಿದ್ದರು. ಹಕ್ಕಿಯನ್ನು ಅವರು ಅಕ್ಕಿ ಎನ್ನುವುದನ್ನು ನಾನು ಕಚೇರಿಯಲ್ಲಿ ಹೇಳಿ, "ಅಕ್ಕಿ ನೋಡೋಕೆ ಕೆರೆಗ್ಯಾಕೆ, ರೇಷನ್ ಅಂಗಡೀಗ್ ಹೋಗಿ" ಎಂದು ಹಾಸ್ಯಕ್ಕೆ ಗುರಿಯಾದದ್ದೂ ಉಂಟು.

ಚಳಿಗಾಲದ ರಜಾದಿನಗಳಲ್ಲಿ ಮಳವಳ್ಳಿ ಕೆರೆಯ ಏರಿಯ ಮೇಲೆ ಸೇರುತ್ತಿದ್ದೆವು. ಅವರ ಹೆಂಡತಿ ಒಮ್ಮೆಯೂ ಬಂದವರಲ್ಲ. ಅವರನ್ನೂ ಕರೆದುಕೊಂಡು ಬನ್ನಿ ಎಂದು ನಾನೂ ಹೇಳಲಿಲ್ಲ. ಇದು ಆಗ ನನಗೆ ತಪ್ಪೆಂದು ಹೊಳೆದಿರಲೂ ಇಲ್ಲ.

ಅಣ್ಣನ ನಿವೃತ್ತಿಗೆ ಎರಡು ವರ್ಷವಿರುವಾಗ ಒಂದು ಸೋಮವಾರ ಬಸ್ಸಿನಲ್ಲಿ ಬೇರೆ ಕಂಡಕ್ಟರು ಇದ್ದರು. ಮಂಗಳವಾರವೂ ಅವರೇ. ಕೇಳಿದೆ. "ಲಕ್ವ ಒಡೆದದೆ ಕಣಮ್ಮ. ಮಂಡ್ಯ ಆಸ್ಪತ್ರೇಲವ್ರೆ," ಎಂದರು.

ಮೂರು ವಾರದ ಮೇಲೆ ಮನೆಗೆ ಕರೆತಂದಿದ್ದಾರೆಂದು ತಿಳಿದು ಎಳನೀರು ಹಿಡಿದು ಚಿಕ್ಕರಸಿನಕೆರೆಗೆ ಹೋದೆ. ಹಜಾರದಲ್ಲಿ ಮಂಚ ಹಾಕಿ, ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದರು. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ನನ್ನನ್ನು ನೋಡಿದೊಡನೆ ಕಣ್ಣು ಅರಳಿತು, ಬಾಯಿ ತೆರೆದರು.

"ರೈಟ್," ಎಂದರು.

ನಾನು ನಕ್ಕೆ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ.

"ಅದೊಂದೇ ಕಣವ್ವ ಬರಾದು," ಎಂದರು ಅವರ ಹೆಂಡತಿ ಹಿಂದಿನಿಂದ. "ನೀರು ಅಂದ್ರೂ ರೈಟು. ಬ್ಯಾಡ ಅಂದ್ರೂ ರೈಟು. ಮಗ್ಳು ಬಂದು ತಬ್ಕಂಡ್ ಅತ್ರೂ ರೈಟು."

ಜೀವಮಾನವಿಡೀ ಊರುಗಳ ಹೆಸರು ಕೂಗಿದ ಮನುಷ್ಯ. ಅಷ್ಟೂ ಮಾತಿನಲ್ಲಿ ಅದೊಂದು ಉಳಿದುಬಿಟ್ಟಿತ್ತು. ನಾನು ಬಸ್ಸಿನಲ್ಲಿ ಈಗ ಯಾರಿದ್ದಾರೆ, ರಸ್ತೆ ಎಲ್ಲಿ ಅಗೆದಿದ್ದಾರೆ ಎಂದೆಲ್ಲ ಒಬ್ಬಳೇ ಮಾತಾಡಿ ಎದ್ದು ಬಂದೆ.

ಮೂರನೆಯ ಸಲ ಹೋದಾಗ ಟೀವಿಯ ಮೇಲಿದ್ದ ಪುಸ್ತಕ ಕಣ್ಣಿಗೆ ಬಿತ್ತು. ಹಿಂದಿನ ವಾರ ಕೆರೆಯಲ್ಲಿ ಕಂಡ ಹಕ್ಕಿಯೊಂದರ ಫೋಟೋ ಮೊಬೈಲಿನಲ್ಲಿತ್ತು. ಅವರ ಪಕ್ಕ ಕೂತು ಪುಸ್ತಕ ಬಿಚ್ಚಿ, ಫೋಟೋ ತೋರಿಸಿ, "ಅಣ್ಣ, ಇದು ಹಸಿರು ಗೊರವ ತಾನೆ?" ಎಂದೆ.

"ರೈಟ್," ಎಂದರು.

ಸರಿ ಎಂದು ಪುಟ ಮಗುಚಲು ಹೋದೆ. ಅವರು ಎಡಗೈಯಿಂದ ಪುಸ್ತಕದ ಮೇಲೆ ಬಡಿದರು. "ರೈಟ್! ರೈಟ್!" ಮುಖ ಕೆಂಪಾಯಿತು. ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಹೆಬ್ಬೆರಳಿನಿಂದ ಹಾಳೆ ತಳ್ಳಿ, ಮುಂದಿನ ಪುಟದ ಗದ್ದೆ ಗೊರವದ ಮೇಲೆ ಬೆರಳಿಟ್ಟರು. ಹಕ್ಕಿಯ ಮೇಲಲ್ಲ, ಅದರ ಕಣ್ಣಿನ ಹಿಂದೆ ಇದ್ದ ಗೀಟಿನ ಮೇಲೆ. ನನ್ನ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಸಾಗಿತ್ತು. ಹಸಿರು ಗೊರವಕ್ಕಾದರೆ ಅದು ಕಣ್ಣಿನ ಹತ್ತಿರವೇ ನಿಲ್ಲುತ್ತದೆ. ಅವರದ್ದೇ ಸರಿ. ಇನ್ನೊಂದು ಹಕ್ಕಿಯ ಹೆಸರನ್ನು ಬೇಕೆಂದೇ ತಪ್ಪಾಗಿ ಹೇಳಿದೆ. ಅದನ್ನೂ ತಿದ್ದಿದರು. ಎಲೆಯ ನಡುವಿನ ಉಲಿಯಕ್ಕಿಗಳನ್ನು, ನಾನು ಇವತ್ತಿಗೂ ಬೇರೆ ಮಾಡಲಾರದವನ್ನು, ಒಂದೊಂದಾಗಿ ಬೆರಳಿಟ್ಟು ತೋರಿಸಿದರು.

ನನಗೆ ಸಂತೋಷ ತಡೆಯಲಾಗಲಿಲ್ಲ. "ಅತ್ತಿಗೆ, ಬನ್ನಿ ಇಲ್ಲಿ! ಅಣ್ಣನಿಗೆ ಎಲ್ಲಾ ನೆನಪಿದೆ!" ಎಂದು ಕೂಗಿದೆ.

ಅವರು ಅಡಿಗೆಮನೆಯ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಕೈಯಲ್ಲಿ ನೀರಿನ ಲೋಟ.

"ಇದೆಲ್ಲ ಗೊತ್ತಾಯ್ತದಾ?" ಎಂದರು. "ನಿನ್ನೆ ಬಚ್ಚಲಿಗ್ ಓಗ್ಬೇಕು ಅಂತ ಯೋಳಕ್ಕಾಗ್ದೆ ಬಟ್ಟೇಲೇ ಆಗೋಯ್ತು. ಏನ್ ಬೇಕು, ಏನ್ ಬೇಕು ಅಂತ ನಾನ್ ನೂರ್ ಸಲ ಕೇಳ್ದೆ. ನಂಗ್ ಒಂದ್ ಬೆಳ್ಳೂ ತೋರಿಸ್ನಿಲ್ಲ. ಯಾವ್ದೋ ಗುಬ್ಬಿ ಉಬ್ಬು ಎಲ್ಗಂಟ ಅದೆ ಅನ್ನದು ಗೊತ್ತಾಯ್ತದಾ?"

ಮಂಡ್ಯದಲ್ಲಿ ಮಾತು ಕಲಿಸುವ ಡಾಕ್ಟರನ್ನು ಅವರ ಮಗಳು ಕೇಳಿದ್ದಳು. ಮೆದುಳಿನಲ್ಲಿ ಒಂದೊಂದಕ್ಕೆ ಒಂದೊಂದು ಜಾಗ, ಕೆಲವು ಉಳಿಯುತ್ತವೆ, ಕೆಲವು ಹೋಗುತ್ತವೆ, ಮನೆಯಲ್ಲಿ ಪ್ರಯತ್ನ ಮಾಡುತ್ತಿರಿ ಎಂದಿದ್ದರಂತೆ. ನಾನು ಅದನ್ನೇ ಹೇಳಿದೆ. ಹೇಳುವಾಗ ನನಗೇ ಅದು ಒಣ ಮಾತಾಗಿ ಕೇಳಿಸಿತು.

ಅತ್ತಿಗೆ ಲೋಟವನ್ನು ಕಿಟಕಿಯ ಮೇಲಿಟ್ಟು ನನ್ನ ಮುಂದೆ ಬಂದು ಕೂತರು. "ನೀನ್ ಓದಿರೋಳು. ನಂಗೊಂದ್ ಪುಸ್ತಕ ಮಾಡ್ಕೊಟ್ಬುಡವ್ವ. ಇಂಗೇ, ಚಿತ್ರದ್ದು. ನೀರು, ಮುದ್ದೆ, ಮಾತ್ರೆ, ಬಚ್ಚಲು. ಬೆಳ್ಳಿಟ್ರೆ ಸಾಕು, ನಾನ್ ಮಾಡ್ಕಂಡ್ ಓಯ್ತೀನಿ."

ಮುಂದಿನ ಭಾನುವಾರ ಹೋಗಿ ಮನೆಯ ವಸ್ತುಗಳನ್ನೆಲ್ಲ ಫೋಟೋ ತೆಗೆದೆ. ನೀರಿನ ಲೋಟ, ತಟ್ಟೆಯಲ್ಲಿ ಮುದ್ದೆ, ಮಾತ್ರೆಯ ಡಬ್ಬಿ, ಬಚ್ಚಲಿನ ಬಾಗಿಲು, ಫ್ಯಾನು, ಕಂಬಳಿ, ಹಸು, ಮಗಳು. ಅತ್ತಿಗೆ ಸೀರೆಯ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಂಡರು. ಮದ್ದೂರಿನ ಸ್ಟುಡಿಯೋದಲ್ಲಿ ಎಲ್ಲವನ್ನೂ ದೊಡ್ಡದಾಗಿ ಹಾಕಿಸಿ ಆಲ್ಬಮ್ಮಿಗೆ ಸೇರಿಸಿದೆ. ಅತ್ತಿಗೆಯ ಫೋಟೋ ಮೊದಲ ಪುಟಕ್ಕೆ.

ಅಣ್ಣ ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟ ನೋಡಿದರು. ಎರಡನೆಯದು, ಮೂರನೆಯದು. ಬಚ್ಚಲಿನ ಬಾಗಿಲು ಬಂದಾಗ ನಿಂತರು. ನನ್ನ ಮುಖ ನೋಡಿದರು. ಆಮೇಲೆ ಅದನ್ನು ಮುಚ್ಚಿ, ನಿಧಾನವಾಗಿ, ಮಂಚದ ಆಚೆಗೆ ತಳ್ಳಿದರು. ನೆಲಕ್ಕೆ ಬಿತ್ತು.

"ಯಾಕಣ್ಣ?" ಎಂದೆ.

ಅವರು ಗೋಡೆಯ ಕಡೆಗೆ ತಿರುಗಿಕೊಂಡರು. ರೈಟ್ ಕೂಡ ಅನ್ನಲಿಲ್ಲ.

ಮತ್ತೆ ಎರಡು ತಿಂಗಳು ಅತ್ತಿಗೆ ಬಿಡದೆ ಪ್ರಯತ್ನಪಟ್ಟರು. ಊಟದ ಹೊತ್ತಿಗೆ ಆಲ್ಬಮ್ ಮುಂದಿಡುವುದು, ಅಣ್ಣ ತಳ್ಳುವುದು. ನಾನು ಮನೆಯಲ್ಲಿ ಕೂತು ನನ್ನ ಪುಸ್ತಕದಲ್ಲಿ ಏನು ತಪ್ಪಿದೆ ಎಂದು ಯೋಚಿಸುತ್ತಿದ್ದೆ. ಬಾಯಾರಿದವನಿಗೆ ಎದುರಿಗಿರುವ ಲೋಟವೇ ಸಾಕು, ಚಿತ್ರ ಬೇಕಿಲ್ಲ. ಕೇಳಲು ಆಗದ ಸಂಗತಿಗಳಿಗೆ, ಬೇಜಾರಿಗೆ, ನಾಚಿಕೆಗೆ, ನನಗೇಕೆ ಹೀಗಾಯಿತು ಎನ್ನುವುದಕ್ಕೆ, ನಾನು ಯಾವ ಫೋಟೋ ತೆಗೆಯಬಲ್ಲವಳಾಗಿದ್ದೆ? ಬಹುಶಃ ಅಷ್ಟು ಆಳದ್ದೇನೂ ಅಲ್ಲ. ಮೂವತ್ತು ವರ್ಷ ಎದ್ದು ನಿಂತು ಕೆಲಸ ಮಾಡಿದ ಗಂಡಸಿಗೆ ಬಚ್ಚಲಿನ ಬಾಗಿಲಿನ ಚಿತ್ರವನ್ನು, ಅದೂ ನನ್ನ ಕೈಯಿಂದ, ತೋರಿಸಿದ್ದೇ ಅವಮಾನವಾಗಿರಬಹುದು. ಗೊತ್ತಿಲ್ಲ. ಕೇಳಿದರೂ ಅವರು ಹೇಳಲಾರರು.

ಕೊನೆಗೆ ಅತ್ತಿಗೆಯೇ ಆಲ್ಬಮ್ ಎತ್ತಿಟ್ಟು ಹಕ್ಕಿ ಪುಸ್ತಕ ಹಿಡಿದರು. ಏಳನೆಯ ಕ್ಲಾಸಿನವರೆಗೆ ಓದಿದವರು. ಮಧ್ಯಾಹ್ನ ಹಸುವಿಗೆ ಹುಲ್ಲು ಹಾಕಿ ಬಂದು ಮಂಚದ ಪಕ್ಕ ಕೂತು, ಗಂಡನ ಕೈಬರಹವನ್ನು ಕೂಡಿಸಿ ಕೂಡಿಸಿ ಓದಿ ಹೇಳುವುದು. ಅಣ್ಣನಿಗೆ ಈಗ ಸ್ವಂತ ಅಕ್ಷರವನ್ನು ಓದಲು ಆಗುತ್ತಿರಲಿಲ್ಲ. ಚಿತ್ರ ನೋಡುತ್ತ ಕೇಳಿಸಿಕೊಳ್ಳುತ್ತಿದ್ದರು.

ಒಂದು ದಿನ ನಾನು ಹೋದಾಗ ಅತ್ತಿಗೆ ಪುಸ್ತಕವನ್ನು ನನ್ನ ಮುಂದೆ ಹಿಡಿದರು. "ಇದೇನು ಬರ್ದದೆ ಓದವ್ವ. ನಂಗ್ ಸರಿಯಾಗ್ ಓದಕ್ ಬತ್ತಾ ಇಲ್ವೋ ಏನೋ."

ನೆಲದ ಮೇಲೆ ಬಾಲ ಕುಣಿಸುತ್ತ ಓಡಾಡುವ ಹಕ್ಕಿಯ ಚಿತ್ರ. ಪಕ್ಕದಲ್ಲಿ 'ಕುಂಡೆಕುಸ್ಕ' ಎಂದಿತ್ತು. ಊರಿನ ಹೆಸರು ಬರೆಯುವ ಜಾಗದಲ್ಲಿ 'ಮನೇಲಿ ಅಂದಿದ್ದು' ಎಂದಿತ್ತು. ಪುಟ ಮಗುಚಿ ನೋಡಿದೆವು. ಕೆಂಬೂತದ ಪಕ್ಕ, ಗೀಜುಗದ ಪಕ್ಕ, ಇನ್ನೂ ಐದಾರು ಕಡೆ ಅದೇ ಮಾತು, ಮನೇಲಿ ಅಂದಿದ್ದು.

"ನಾನ್ ಯಾವಾಗ್ ಅಂದೆ?" ಎಂದರು ಅತ್ತಿಗೆ. ಅನ್ನುತ್ತಲೇ ನೆನಪಾಗಿರಬೇಕು, ಮುಖ ಇಳಿಯಿತು. "ಪಾತ್ರೆ ತೊಳೀವಾಗ ಏನೋ ಅಂದಿರ್ತೀನಿ. ಅದ್ನ ಬರ್ಕಂಡವ್ರೆ ನೋಡು." ಗಂಡನ ಕಡೆ ತಿರುಗಿದರು. "ಏನಂದ್ರಿ? ನನ್ ಮಾತ್ನ ಪುಸ್ತಕಕ್ ಬರ್ಕಂಡಿದ್ರಲ್ಲ, ಒಂದ್ ದಿನ ನಂಗ್ ಯೋಳ್ಬಾರ್ದಾಗಿತ್ತಾ? ಒಂದ್ ದಿನ ಕೆರೆ ತಾವ್ಕೆ ಕರ್ಕಂಡ್ ಓಗ್ಬಾರ್ದಾಗಿತ್ತಾ?"

ಅವರು ಹೆಂಡತಿಯನ್ನೇ ನೋಡಿದರು. "ರೈಟ್... ರೈಟ್..." ಎಂದರು. ಕ್ಷಮೆ ಕೇಳಿದರೋ, ಹೇಳಿದ್ದೆನಲ್ಲ ಎಂದರೋ, ಈಗ ಬಿಡು ಎಂದರೋ. ಅತ್ತಿಗೆ ಒಂದು ಕ್ಷಣ ಕಾದರು, ಇನ್ನೇನಾದರೂ ಬರುತ್ತದೆಯೇ ಎಂದು. ಬರಲಿಲ್ಲ. ಎದ್ದು ಹಿತ್ತಿಲಿಗೆ ಹೋದರು. ನಾನು ಇಲ್ಲಿ ಕೂರಲೂ ಆಗದೆ ಅವರ ಹಿಂದೆ ಹೋಗಲೂ ಆಗದೆ ಪುಸ್ತಕ ಹಿಡಿದುಕೊಂಡು ನಿಂತಿದ್ದೆ.

ಆ ವರ್ಷ ದಸರಾ ಕಳೆದ ಮೇಲೆ, ಚಳಿಗಾಲದ ಹಕ್ಕಿಗಳು ಬಂದಿವೆ ಎಂದು ತಿಳಿದು, ಅಣ್ಣನನ್ನು ಕೆರೆಗೆ ಕರೆದೊಯ್ಯೋಣವೆಂದು ನಾನೇ ಹೇಳಿದೆ. ಅತ್ತಿಗೆ ಒಪ್ಪಿದರು. ಅವರ ಊರಿನದೇ ಆಟೋ. ಆಟೋದವರೂ ನಾನೂ ಸೇರಿ ಎತ್ತಿ ಕೂರಿಸಿದೆವು, ಪಕ್ಕಕ್ಕೆ ವಾಲದಂತೆ ಅತ್ತಿಗೆ ಹಿಡಿದುಕೊಂಡರು. ಮಳವಳ್ಳಿ ಮುಟ್ಟುವಷ್ಟರಲ್ಲಿ ದಾರಿಯ ಕುಲುಕಾಟಕ್ಕೋ ಬೆಳಗಿನ ಮಾತ್ರೆಗೋ ಅಣ್ಣನಿಗೆ ನಿದ್ದೆ ಹತ್ತಿತ್ತು. ಏರಿಯ ಮೇಲೆ ಆಟೋ ನಿಂತಾಗಲೂ ಎಚ್ಚರವಾಗಲಿಲ್ಲ. ಬಾಯಿ ಸ್ವಲ್ಪ ತೆರೆದು, ತಲೆ ಕಂಬಿಗೆ ಒರಗಿತ್ತು.

ಅತ್ತಿಗೆ ದಿಂಬು ಕೊಟ್ಟು ಕೆಳಗಿಳಿದರು. ಕೆರೆಯನ್ನು ಅವರು ಹಾಗೆ ನಿಂತು ನೋಡಿದ್ದು ಅದೇ ಮೊದಲು. ನೀರು ಇಳಿದ ಕೆಸರಿನಲ್ಲಿ ನೂರಾರು ಸಣ್ಣ ಹಕ್ಕಿಗಳು ಮೇಯುತ್ತಿದ್ದವು.

"ಅದೇನವ್ವ, ಆ ಕೊನೇಲಿರೋದು? ಒಂಟಿಯಾಗಿ?" ಎಂದು ಬೆರಳು ಮಾಡಿದರು.

ದುರ್ಬೀನಿನಲ್ಲಿ ನೋಡಿದೆ. ಬೆಳಕು ಹಕ್ಕಿಯ ಹಿಂದಿತ್ತು. ಕಾಲಿನ ಬಣ್ಣ ಕಾಣಲಿಲ್ಲ, ಹುಬ್ಬು ಕಾಣಲಿಲ್ಲ. ಪುಸ್ತಕ ಬಿಚ್ಚಿದೆ, ಮುಚ್ಚಿದೆ.

"ಗೊತ್ತಾಗ್ತಾ ಇಲ್ಲ ಅತ್ತಿಗೆ. ಅಣ್ಣನ್ನ ಎಬ್ಬಿಸೋಣ್ವಾ?"

ಅವರು ಆಟೋದ ಕಡೆ ನೋಡಿದರು. ಗಂಡನ ಎದೆ ಏರಿಳಿಯುತ್ತಿತ್ತು.

"ಬ್ಯಾಡ ಬುಡವ್ವ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಮಲೀಕಳ್ಳಿ."

ಇನ್ನೂ ಸ್ವಲ್ಪ ಹೊತ್ತು ನಿಂತೆವು. ಬಿಸಿಲು ಏರಿತು. ಆಟೋದವರು ಬೇರೆ ಬಾಡಿಗೆ ಇದೆ ಎಂದು ಎರಡು ಸಲ ಹೇಳಿದರು. ಅತ್ತಿಗೆ ಸೆರಗಿನಿಂದ ಗಂಡನ ಬಾಯಿ ಒರೆಸಿ ಪಕ್ಕದಲ್ಲಿ ಕೂತರು, ನಾನು ಡ್ರೈವರ್ ಪಕ್ಕ ಹತ್ತಿದೆ, ವಾಪಸು ಹೊರಟೆವು.