ವಿಮಾನಕ್ಕೂ ಒಂದು ಕೊಸರು

ರಾಮದುರ್ಗದ ನಮ್ಮ ಓಣಿಯ ಕಿರಾಣಿ ಅಂಗಡಿಯವರು ತಕ್ಕಡಿ ಸಮ ನಿಂತ ಮೇಲೂ ಒಂದು ಹಿಡಿ ಬೇಳೆ ಹಾಕುತ್ತಿದ್ದರು. ಹಾಕುವಾಗ ಮುಖ ಆಚೆ ತಿರುಗಿಸುತ್ತಿದ್ದರು, ಕೈ ಮಾಡಿದ್ದು ಕಣ್ಣಿಗೆ ಗೊತ್ತಾಗಬಾರದು ಎಂಬಂತೆ. "ಕೊಸರಿಲ್ಲದ್ದು ತೂಕನ ಅಲ್ರಿ" ಎನ್ನುತ್ತಿದ್ದರು.

ಒಮ್ಮೆ ಅಗ್ಗದ ಟಿಕೆಟ್ ನಂಬಿ ಅವರೂ ನಾನೂ ವಿಮಾನದಲ್ಲಿ ಹೈದರಾಬಾದಿಗೆ ಹೊರಟೆವು. ಕಿಟಕಿಯ ಸೀಟಿಗೆ ಬೇರೆ ದುಡ್ಡು, ತಿಂಡಿಗೆ ಬೇರೆ ದುಡ್ಡು ಎಂದಾಗಲೂ ಅವರು ತಕರಾರು ತೆಗೆಯಲಿಲ್ಲ. ಆದರೆ ಅವರ ಚೀಲ ಪುಕ್ಕಟೆ ಒಯ್ಯಬಹುದಾದ ಹದಿನೈದು ಕಿಲೋ ದಾಟಿ ಇನ್ನೊಂದು ಕಿಲೋ ತೂಗಿತು. ಕೌಂಟರಿನ ಹುಡುಗಿ ಅದಕ್ಕೂ ಹಣ ಕೇಳಿದಳು.

"ಅದು ಕೊಸರು, ತಂಗಿ. ಕೊಸರಿಗೆ ಯಾರರ ರೊಕ್ಕ ತಗೋತಾರೇನವಾ?"

"ಇಲ್ಲೆ ತಗೋತೇವ್ರಿ ಕಾಕಾ."

ಅವರು ಅಲ್ಲೇ ಕುಳಿತು ಚೀಲ ಬಿಚ್ಚಿದರು. ಬೀಗರ ಮನೆಗೆಂದು ತಂದಿದ್ದ ಕಡಕ್ ರೊಟ್ಟಿಯನ್ನೆಲ್ಲ ಸಾಲಿನಲ್ಲಿ ನಿಂತವರಿಗೆ ಹಂಚಿಬಿಟ್ಟರು, ಒಬ್ಬೊಬ್ಬರಿಗೆ ಎರಡು, ಮೇಲೊಂದು. ಮತ್ತೆ ತೂಗಿದರೆ ಹದಿನೈದು ಕಿಲೋಗೆ ಇನ್ನೂರು ಗ್ರಾಂ ಕಡಿಮೆಯೇ ಬಂತು. ಹುಡುಗಿ ಚೀಟಿ ಅಂಟಿಸಿದಳು.

ಅಂಗಡಿಯವರು ಮುಖ ಆಚೆ ತಿರುಗಿಸಿದರು.

"ಆ ಇನ್ನೂರು ಗ್ರಾಂ ನಿಮ್ಮ ವಿಮಾನಕ್ಕ ಕೊಸರು. ಇಟಗೋರಿ."