ಕೆಮ್ಮು ನಿಂತ ಮೇಲೆ

ನನ್ನ ಯಜಮಾನರು ಗೋಕಾಕದ ಪೇಟೆಯಲ್ಲಿ ಬೆಲ್ಲದ ಹರಾಜಿನ ಸವಾಲು ಕೂಗುತ್ತಿದ್ದರು. ಪೆಂಟೆ ಅನ್ನುವ ಬೆಲ್ಲದ ದೊಡ್ಡ ಅಚ್ಚುಗಳ ಸಾಲಿನ ಮುಂದೆ ನಿಂತು ಅವರು ದರ ಏರಿಸತೊಡಗಿದರೆ, ಆಚೆ ಓಣಿಯ ನಮ್ಮ ಮನೆಯಲ್ಲಿ ಒಲೆಯ ಮುಂದೆ ಕುಳಿತ ನನಗೆ ಕೇಳಿಸುತ್ತಿತ್ತು. ಅರವತ್ತರ ದಶಕದ ಆರಂಭದಲ್ಲಿ ಆ ದನಿ ಒಡೆಯಿತು. ಗಂಟಲಿನ ಕ್ಯಾನ್ಸರ್ ಎಂದರು. ಘಟಪ್ರಭಾದಲ್ಲಿ ರೈಲು ಹತ್ತಿ ಮುಂಬೈಗೆ ಹೋದೆವು. ಅಲ್ಲಿ ಕುತ್ತಿಗೆಗೆ ‘ಲೈಟ್’ ಕೊಟ್ಟರು. ರೇಡಿಯೇಶನ್ನಿಗೆ ನಾವು ಹಾಗೇ ಅನ್ನುತ್ತಿದ್ದೆವು. ಚರ್ಮ ಕರ್ರಗಾಯಿತು, ಬಾಯಲ್ಲಿ ಉಗುಳು ಬತ್ತಿತು. ಆದರೆ ಗಡ್ಡೆ ಕರಗಿತು.

ಊರಿಗೆ ಬಂದ ಮೇಲೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದೆ. ತುತ್ತು ತುತ್ತಿಗೂ ಕೆಮ್ಮು. ಕಣ್ಣು ಕೆಂಪಗಾಗಿ, ತಾಟು ಸರಿಸಿ ಗೋಡೆಗೆ ಒರಗಿಬಿಡುತ್ತಿದ್ದರು. ಬರಬರುತ್ತ ಅದು ಕಡಿಮೆಯಾಗಿ, ಒಂದು ದಿನ ಪೂರ್ತಿ ನಿಂತಿತು.

“ಏನ್ರಿ, ಇವತ್ತ ಕೆಮ್ಮಲೇ ಇಲ್ಲಲ್ರಿ?” ಎಂದೆ.

“ಹೂಂ, ಪೂರಾ ಆರಾಮ ಆತ ಕಾಣತೈತಿ,” ಎಂದು ನಕ್ಕರು. ಆ ಖುಷಿಗೆ ನಾನು ಹೋಳಿಗೆ ಮಾಡಿದ್ದೆ.

ಅದೇ ವಾರ ಜ್ವರ ಬಂತು. ಎದೆಯಲ್ಲಿ ಗೊರಗೊರ ಸದ್ದು. ಘಟಪ್ರಭಾದ ಡಾಕ್ಟರು ಬೆನ್ನಿಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿಸಿಕೊಂಡು ನನ್ನನ್ನು ಹೊರಗೆ ಕರೆದರು.

“ಕೆಮ್ಮ ನಿಂತದ್ದು ಚಲೋ ಅಲ್ಲವ್ವಾ. ದಾರಿ ತಪ್ಪಿದ್ದನ್ನ ಅದ ಹೊರಗ ಹಾಕತಿತ್ತು. ಲೈಟ್ ಕೊಟ್ಟ ಮ್ಯಾಲ ಗಂಟಲಿಗೆ ಆ ಖಬರ, ಆ ಎಚ್ಚರ ಹೋಗೇತಿ. ಉಂಡದ್ದು, ಕುಡದದ್ದು ಸದ್ದಿಲ್ಲದ ಫುಪ್ಪುಸಕ್ಕ ಇಳಿಯಾಕತ್ತೈತಿ.”

ಇಂಜೆಕ್ಷನ್ನಿಗೆ ಜ್ವರ ಇಳಿಯಿತು. ಅಂದಿನಿಂದ ನಮ್ಮ ಊಟದ ಹೊತ್ತು ಬದಲಾಯಿತು. ತುತ್ತು ದಾರಿ ತಪ್ಪದಿರಲೆಂದು, ಡಾಕ್ಟರು ಹೇಳಿಕೊಟ್ಟಂತೆ ನೆಟ್ಟಗೆ ಕೂತು, ಗದ್ದವನ್ನು ಎದೆಗೆ ತಂದು, ಗಟ್ಟಿ ಅಂಬಲಿಯನ್ನು ಚಮಚ ಚಮಚವಾಗಿ ನುಂಗುವರು. ನೀರಂತೂ ಬರೀ ಗುಟುಕು. ನಾನು ಎದುರಿಗೆ ಕೂತು ಅವರ ಕುತ್ತಿಗೆಯನ್ನೇ ನೋಡುತ್ತಿದ್ದೆ. “ಹಂಗ ನೋಡಬ್ಯಾಡ, ಗಂಟಲದಾಗ ಯಾರೋ ಕುಂತಾಂಗ ಆಕ್ಕೈತಿ,” ಎನ್ನುತ್ತಿದ್ದರು.

ಮುಂದಿನ ಬೇಸಿಗೆ ಹುಕ್ಕೇರಿಯಲ್ಲಿ ಅವರ ತಂಗಿಯ ಮಗಳ ಮದುವೆ. ಚಪ್ಪರದ ಕೆಳಗೆ ಬೀಗರು ಶರಬತ್ತಿನ ಗ್ಲಾಸು ಹಿಡಿದು ಯಜಮಾನರ ಮುಂದೆ ನಿಂತರು.

“ನಮ್ಮ ಮನಿ ಶರಬತ್ತ ಒಲ್ಲೆ ಅಂದ್ರ ಹ್ಯಾಂಗ್ರಿ ಮಾವಾರ?”

ನಾನು ಹೆಂಗಸರ ನಡುವಿನಿಂದ ಏಳುವಷ್ಟರಲ್ಲಿ ಅವರು ಗಟಗಟ ಕುಡಿದಿದ್ದರು. ಎಷ್ಟೋ ದಿನಗಳ ಮೇಲೆ ಆ ಮುಖ ತಣಿದದ್ದು ಕಂಡೆ. ಸುತ್ತಲೂ ವಾಲಗ, ನಗು. ನಾನೊಬ್ಬಳೇ ಒಂದು ಕೆಮ್ಮಿಗಾಗಿ ಕಿವಿಗೊಟ್ಟು ನಿಂತೆ. ಕೆಮ್ಮು ಬರಲಿಲ್ಲ.

ಮತ್ತೆ ಜ್ವರ ಹತ್ತಿತು. ಈ ಸಲ ಇಂಜೆಕ್ಷನ್ನಿಗೆ ಬಗ್ಗಲಿಲ್ಲ. ಹೊಟ್ಟೆಗೆ ಏನನ್ನೂ ಹಾಕಬಾರದೆಂದು ಡಾಕ್ಟರು ಹೇಳಿದ್ದರು. “ನೀರ ಕೊಡ,” ಎಂದು ಅವರು ಕೈ ಸನ್ನೆ ಮಾಡಿದಾಗಲೆಲ್ಲ ಹತ್ತಿ ಅದ್ದಿ ತುಟಿ ಒರೆಸುತ್ತಿದ್ದೆ.

ಒಂದು ಮಧ್ಯಾಹ್ನ ಉಸಿರು ನಿಂತಿತು. ಬಂದವರೆಲ್ಲ ಕ್ಯಾನ್ಸರ್ ಒಯ್ದಿತು ಎಂದರು. ಯಜಮಾನರ ಸೋದರತ್ತೆ ಸಣ್ಣ ಗಿಂಡಿಯೊಂದನ್ನು ನನ್ನ ಕೈಗಿಟ್ಟು, “ಬಾಯಿಗೆ ನೀರ ಬಿಡವ್ವಾ,” ಎಂದರು. ನಾನು ಯಜಮಾನರ ಗದ್ದ ಹಿಡಿದು, ಊಟದ ಹೊತ್ತಿನ ಹಾಗೆ ಎದೆಯ ಕಡೆಗೆ ಬಗ್ಗಿಸತೊಡಗಿದೆ.

ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. “ಇನ್ನ್ಯಾಕವ್ವಾ ಅದು? ಬಿಡು. ಬೇಕಾದಷ್ಟು ಬಿಡು.”