ಹೊನ್ನೆಮರದ ಕೆಳಗಿನ ಕಲ್ಲು

ಆದಿತ್ಯವಾರ ಬೆಳಿಗ್ಗೆ ಇಗರ್ಜಿಯ ಗಂಟೆ ಹೊಡೆದರೆ ಕಾಪುವಿನ ನಮ್ಮ ಓಣಿಯ ಕ್ರಿಶ್ಚನರೆಲ್ಲ ಗೇಟಿನ ಒಳಗೆ ಹೋಗುತ್ತಿದ್ದರು. ಸೆಲೀನ್‌ಬಾಯಿ ಮಾತ್ರ ಗೇಟು ದಾಟಿ ಮುಂದೆ ನಡೆದು, ಸಿಮೆಟ್ರಿಯ, ಅಂದರೆ ಅವರ ಸ್ಮಶಾನದ, ಗೋಡೆಯ ಹೊರಗೆ, ಹೊನ್ನೆಮರದ ಕೆಳಗಿದ್ದ ಒಂದು ಮುರಕಲ್ಲಿನ ಮೇಲೆ ಕೂರುತ್ತಿದ್ದರು. ಒಳಗೆ ಪೂಜೆ ಮುಗಿದು ಜನ ಹೊರಬರುವುದರೊಳಗೆ ಎದ್ದು ಮನೆಗೆ ಬಂದುಬಿಡುತ್ತಿದ್ದರು. ಯಾರ ಕಣ್ಣಿಗೂ ಬೀಳುವ ಆಸೆ ಅವರಿಗೆ ಇರಲಿಲ್ಲ. ಆದರೆ ಊರಿಗೆಲ್ಲ ಗೊತ್ತಿತ್ತು.

ಅವರು ನಮ್ಮ ಪಕ್ಕದ ಹಿತ್ತಿಲಿನವರು. ಹಿತ್ತಿಲು ಅವರ ಅಣ್ಣ ಲಿಯೋನೆಲ್ ಅವರದ್ದು. ದೊಡ್ಡ ಮನೆಯಲ್ಲಿ ಅಣ್ಣ ಮತ್ತು ಅತ್ತಿಗೆ ಬರ್ತಾ, ಬಾವಿಯ ಆಚೆಯ ಎರಡು ಕೋಣೆಗಳಲ್ಲಿ ಸೆಲೀನ್‌ಬಾಯಿ ಒಬ್ಬರೇ. ಗಂಡ ಲೂಯಿಸ್ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದವರು, ಎಪ್ಪತ್ತೈದರಲ್ಲಿ ಕಾಮಾಲೆಯಾಗಿ ತೀರಿಕೊಂಡರು. ಅವರನ್ನು ಕಾರ್ಕಳದ ಕಡೆ ಅವರ ಊರಿನಲ್ಲೇ ಹೂಳಿದರು. ಸೆಲೀನ್‌ಬಾಯಿಗೆ ಹುಟ್ಟಿದ್ದು ಒಂದೇ ಮಗು. ಅದು ಬದುಕಿದ್ದು ಎರಡು ದಿನ.

ಎಪ್ಪತ್ತೊಂದನೇ ಇಸವಿಯ ಜೂನ್ ತಿಂಗಳು. ಮಗು ಗಟ್ಟಿಯಾಗಿ ಅಳುತ್ತಿತ್ತಂತೆ, ಹಾಲು ಕುಡಿಯುತ್ತಿತ್ತಂತೆ. ಜ್ಞಾನಸ್ನಾನಕ್ಕೆ ಮಗುವನ್ನು ಎತ್ತಿಕೊಂಡು ನಿಲ್ಲಬೇಕಾದವರು ಲೂಯಿಸರ ಅಣ್ಣ, ಅವರು ಬೊಂಬಾಯಿಯಿಂದ ಹೊರಟಾಗಿತ್ತು. ಮಳೆಗೆ ಎಲ್ಲೋ ರಸ್ತೆ ಕುಸಿದು ಅವರ ಬಸ್ಸು ನಿಂತಿತು. ಇವರು ಕಾದರು. ಜೀವಕ್ಕೆ ಅಪಾಯ ಇದ್ದರೆ ಪಾದ್ರಿಯೇ ಬೇಕೆಂದಿಲ್ಲ, ಮನೆಯ ಯಾರಾದರೂ ಪ್ರಾರ್ಥನೆ ಹೇಳಿ ಮಗುವಿನ ತಲೆಗೆ ನೀರು ಹೊಯ್ದರೆ ಸಾಕು. ಅದು ಅವರಲ್ಲಿ ಎಲ್ಲ ಹೆಂಗಸರಿಗೂ ಗೊತ್ತಿರುವ ಸಂಗತಿ. ಆದರೆ ಅಪಾಯ ಇದೆಯೆಂದು ಯಾರಿಗೂ ಅನಿಸಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಮಗು ಇದ್ದಕ್ಕಿದ್ದಂತೆ ನೀಲಿಯಾಯಿತು. ಅಡುಗೆಮನೆಯಿಂದ ನೀರಿನ ತಂಬಿಗೆ ಬರುವುದರೊಳಗೆ ಮುಗಿದಿತ್ತು.

ಜ್ಞಾನಸ್ನಾನವಾಗದ ಮಗುವಿಗೆ ಆಗಿನ ಪದ್ಧತಿಯಂತೆ ಗೋಡೆಯ ಒಳಗೆ ಜಾಗವಿರಲಿಲ್ಲ. ಅಂಥ ಮಕ್ಕಳು ಸ್ವರ್ಗಕ್ಕೂ ಸೇರುವುದಿಲ್ಲ, ನರಕಕ್ಕೂ ಇಲ್ಲ, ನಡುವೆ ಎಲ್ಲೋ ಇರುತ್ತವೆ ಎನ್ನುತ್ತಿದ್ದರು. ಬಾಣಂತಿ ಎದ್ದು ಹೋಗುವ ಹಾಗಿರಲಿಲ್ಲ. ಲೂಯಿಸ್ ಕೈಕಾಲು ಬಿಟ್ಟು ಕೂತಿದ್ದರು. ಲಿಯೋನೆಲ್ ಒಬ್ಬರೇ ಒಂದು ಹಲಗೆಯ ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದು ಮಳೆಯಲ್ಲಿ ಹೋಗಿ ಬಂದರು. ಹೊನ್ನೆಮರದ ಬುಡದಲ್ಲಿ, ಕಲ್ಲಿನ ಹತ್ತಿರ, ಎಂದು ತಂಗಿಗೆ ಹೇಳಿದರು. ಹೆಸರಿಡುವುದು ಜ್ಞಾನಸ್ನಾನದ ದಿನ. ಹಾಗಾಗಿ ಮಗುವಿಗೆ ಹೆಸರೂ ಇರಲಿಲ್ಲ.

ಇದನ್ನೆಲ್ಲ ನಾನು ಕೇಳಿದ್ದು ಬಹಳ ವರ್ಷಗಳ ಮೇಲೆ, ಅವರಿಗೆ ಪುಸ್ತಕ ಓದಿ ಹೇಳಲು ಹೋಗುತ್ತಿದ್ದಾಗ.

ಗಂಡ ಹೋದ ಮೇಲೆ ಸೆಲೀನ್‌ಬಾಯಿ ಮಣಿಪಾಲದಲ್ಲಿ ಒಬ್ಬ ಅಮೆರಿಕನ್ ಡಾಕ್ಟರರ ಮನೆಗೆ ಅಡುಗೆಗೆ ಸೇರಿದರು. ಡಾಕ್ಟರ್ ಓಲ್ಸನ್ ಎಪ್ಪತ್ತೆಂಟರಲ್ಲಿ ಕಲಿಸಲು ಬಂದವರು, ಹೆಂಡತಿಯೂ ಜೊತೆಗಿದ್ದರು. ಮೊದಲ ದಿನ ಕಾಫಿ ಮಾಡಿ ಕೊಟ್ಟರೆ ಇಬ್ಬರೂ ಲೋಟ ಮುಟ್ಟಲಿಲ್ಲವಂತೆ. ಚಹಾ ಕೊಟ್ಟರೆ ಅದೂ ಬೇಡ. ಕೆಲಸ ಹೋಯಿತೆಂದು ಇವರಿಗೆ ಭಯವಾಯಿತು. ಅವರು ಮಾರ್ಮನ್ ಮತದವರು, ಕಾಫಿ, ಚಹಾ, ಹೊಗೆಸೊಪ್ಪು, ಮದ್ಯ ಯಾವುದೂ ಅವರಿಗೆ ಕೂಡದು ಎಂದು ಆಮೇಲೆ ತಿಳಿಯಿತು. ಇವರು ಕೊತ್ತಂಬರಿ ಜೀರಿಗೆಯ ಕಷಾಯ ಮಾಡಿಕೊಟ್ಟರು. ಡಾಕ್ಟರರು ಎರಡು ಲೋಟ ಕುಡಿದರು.

ಆ ಮತದ ಇಗರ್ಜಿ ನಮ್ಮ ಕಡೆ ಎಲ್ಲೂ ಇರಲಿಲ್ಲ. ಆದಿತ್ಯವಾರ ಗಂಡಹೆಂಡತಿ ಊಟದ ಮೇಜಿಗೇ ಬಿಳಿ ಬಟ್ಟೆ ಹಾಸಿ ಕೂರುತ್ತಿದ್ದರು. ಡಾಕ್ಟರರು ಬ್ರೆಡ್ಡನ್ನು ಮುರಿದು, ಮೊಣಕಾಲೂರಿ ಹರಸಿ, ಹೆಂಡತಿಗೆ ಕೊಡುತ್ತಿದ್ದರು. ದ್ರಾಕ್ಷಾರಸದ ಬದಲು ಸಣ್ಣ ಲೋಟದಲ್ಲಿ ನೀರು. ಬಾಗಿಲ ಹಿಂದೆ ನಿಂತು ನೋಡುತ್ತಿದ್ದ ಸೆಲೀನ್‌ಬಾಯಿ ಒಂದು ದಿನ ಪಾತ್ರೆ ತೊಳೆಯುತ್ತ ಮೇಡಮ್ಮನನ್ನು ಕೇಳಿದರು, ನಿಮ್ಮಲ್ಲಿ ಜ್ಞಾನಸ್ನಾನ ಆಗದ ಮಕ್ಕಳು ಎಲ್ಲಿಗೆ ಹೋಗುತ್ತವೆ?

ಮೇಡಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲವಂತೆ. ಎಂಟು ವರ್ಷ ತುಂಬುವವರೆಗೆ ಯಾವ ಮಗುವಿಗೂ ಜ್ಞಾನಸ್ನಾನ ಬೇಕಾಗಿಯೇ ಇಲ್ಲ, ಅವು ಹುಟ್ಟಿದ ಹಾಗೆಯೇ ದೇವರವು ಎಂದರು. ಒಳಗಿನಿಂದ ನೀಲಿ ರಟ್ಟಿನ ತಮ್ಮ ಗ್ರಂಥವನ್ನು ತಂದು ಕೊನೆಯ ಕಡೆಯ ಒಂದು ಹಾಳೆ ತೋರಿಸಿದರು. ತಂದೆಯೊಬ್ಬ ಮಗನಿಗೆ ಬರೆದ ಕಾಗದ ಅದು. ಇದೇ ಮಾತು ಅದರಲ್ಲಿ ಸಿಟ್ಟಿನಿಂದ ಬರೆದಿತ್ತು.

"ಕೈಯಲ್ಲಿ ಸಾಬೂನು ಇತ್ತು, ಹಾಗೆಯೇ ಕೂತುಬಿಟ್ಟೆ," ಎಂದು ಸೆಲೀನ್‌ಬಾಯಿ ನನಗೆ ಹೇಳಿದ್ದರು. "ಎಂಟು ವರ್ಷ ನಾನು ಎಂತ ಎಲ್ಲ ಯೋಚನೆ ಮಾಡಿದ್ದೆ ಗೊತ್ತುಂಟಾ? ಕತ್ತಲೆಯಲ್ಲಿ ಉಂಟಾ, ಹಸಿವೆ ಆಗ್ತದಾ ಅಂತ."

ಎಂಬತ್ತರ ಜನವರಿಯಲ್ಲಿ ಡಾಕ್ಟರರು ಅವರನ್ನು ತಮ್ಮ ಮತದ ಜ್ಞಾನಸ್ನಾನಕ್ಕೆ ಕಾಪುವಿನ ದೀಪಸ್ತಂಭದ ಹತ್ತಿರ ಸಮುದ್ರಕ್ಕೆ ಇಳಿಸಿದರು. ಅವರ ಕ್ರಮದಲ್ಲಿ ಮೈ ಪೂರ್ತಿ ಮುಳುಗಬೇಕು. ಒಂದು ಬೆರಳು ಮೇಲೆ ಉಳಿದರೂ, ಬಟ್ಟೆಯ ತುದಿ ತೇಲಿದರೂ ಮತ್ತೆ ಮೊದಲಿನಿಂದ.

"ಸೆರಗು ಮೇಲೆ ಬಂತು ಮಾರಾಯ್ತಿ. ಎರಡನೇ ಸಲ ಮುಳುಗಿಸಿದರೆ ಕಾಲು ಮೇಲೆ! ಬಲೆಯವರು ನಿಂತು ನೋಡ್ತಾ ಇದ್ದಾರೆ. ಒಬ್ಬ ಕೇಳಿದ, ಡಾಕ್ಟರೇ, ಬಾಯಮ್ಮ ಎಂತ ತಪ್ಪು ಮಾಡಿದ್ದಾರೆ, ಬಿಟ್ಟುಬಿಡಿ ಅಂತ." ಅವರು ನಕ್ಕದ್ದನ್ನು ನಾನು ಹೆಚ್ಚು ನೋಡಿಲ್ಲ. ಇದನ್ನು ಹೇಳುವಾಗ ನಕ್ಕಿದ್ದರು.

ಮೂರನೆಯ ಸಲಕ್ಕೆ ಆಯಿತು. ಸಂಜೆಗೆ ಊರಿಗೆಲ್ಲ ಸುದ್ದಿಯೂ ಆಯಿತು. ಲಿಯೋನೆಲ್ ಆಗ ಗುರ್ಕಾರರು, ಅಂದರೆ ಇಗರ್ಜಿಯ ಪರವಾಗಿ ನಮ್ಮ ಕೇರಿಯ ಕ್ರಿಶ್ಚನ್ ಮನೆಗಳನ್ನು ನೋಡಿಕೊಳ್ಳುವ ಮುಖಂಡ. ತಂಗಿಯ ಮತಾಂತರದ ದಿನ ಅವರು ಬಾವಿಕಟ್ಟೆಯ ಮೇಲೆ ಕತ್ತಲಾಗುವವರೆಗೆ ಕೂತಿದ್ದರು. ಬೈಯಲಿಲ್ಲ. ಬೈದದ್ದೆಲ್ಲ ಬರ್ತಾಬಾಯಿ.

"ಕಾಫಿ ಬೇಡ, ಚಾ ಬೇಡ, ಹಬ್ಬಕ್ಕೆ ಒಂದು ತೊಟ್ಟು ವೈನ್ ಕೂಡ ಬೇಡ. ಹಾಗಾದರೆ ಇವರ ಸ್ವರ್ಗದಲ್ಲಿ ಎಂತ ಕೊಡುವುದು, ಬಾರ್ಲಿ ನೀರಾ?"

"ಕಷಾಯ, ಅತ್ತಿಗೆ," ಎಂದರಂತೆ ಇವರು.

ಎಂಬತ್ತೊಂದರಲ್ಲಿ ಓಲ್ಸನ್ ದಂಪತಿ ತಮ್ಮ ಊರಿಗೆ ಹೊರಟುಹೋದರು. ಸೆಲೀನ್‌ಬಾಯಿಗೆ ಉಳಿದದ್ದು ನೀಲಿ ಪುಸ್ತಕ ಮತ್ತು ಬಿಳಿ ಮೇಜುಬಟ್ಟೆ. ಆದಿತ್ಯವಾರ ಕಲ್ಲಿನ ಮೇಲೆ ಕೂತು ಬಂದ ಮೇಲೆ ಆ ಬಟ್ಟೆ ಹಾಸಿ, ಒಂದು ತುಂಡು ಬ್ರೆಡ್, ಒಂದು ಲೋಟ ನೀರು ಇಡುತ್ತಿದ್ದರು. ತಿನ್ನುತ್ತಿರಲಿಲ್ಲ.

"ಯಾಕೆ ಬಾಯಿ?" ಎಂದು ನಾನು ಕೇಳಿದ್ದೆ.

"ಹರಸಬೇಕಲ್ಲ. ಅದಕ್ಕೆ ಡಾಕ್ಟರರ ಹಾಗೆ ಪಟ್ಟ ಸಿಕ್ಕಿದ ಗಂಡಸು ಬೇಕು. ನಾನು ಹರಸಿದರೆ ಆಗುವುದಿಲ್ಲ."

"ಮತ್ತೆ ಇಡುವುದು ಯಾಕೆ?"

"ಇಡಬೇಡ ಅಂತ ಯಾರೂ ಹೇಳಲಿಲ್ಲ."

ಅರ್ಧ ಗಂಟೆ ಅದರೆದುರು ಕೂತು, ಆಮೇಲೆ ಬ್ರೆಡ್ಡನ್ನು ಕಾಗೆಗೆ ಹಾಕಿ, ನೀರನ್ನು ತುಳಸಿ ಗಿಡಕ್ಕೆ ಹೊಯ್ಯುತ್ತಿದ್ದರು. ಹಾಗೆ ಐದು ವರ್ಷ.

ನಾನು ಉಡುಪಿಯಲ್ಲಿ ಕಾಲೇಜಿಗೆ ಸೇರಿದ ವರ್ಷ ಅವರು ನನ್ನನ್ನು ಕರೆದರು. ಕನ್ನಡ ಐದನೇ ಕ್ಲಾಸು ಓದಿದವರಿಗೆ ನೀಲಿ ಪುಸ್ತಕದ ಇಂಗ್ಲಿಷ್ ಬಿಗಿಯಾಗಿತ್ತು. ನಾನು ದಿನಕ್ಕೊಂದು ಹಾಳೆ ಓದಿ, ತಿಳಿದಷ್ಟನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಯುದ್ಧಗಳು, ಹಡಗುಗಳು, ಬಾಯಿಗೆ ಬಾರದ ಹೆಸರುಗಳು. ನಾನು ತಪ್ಪಿದರೆ ಅವರೇ ತಿದ್ದುತ್ತಿದ್ದರು. ವಿಷಯ ಅವರಿಗೆ ಗೊತ್ತಿತ್ತು, ಶಬ್ದ ಮಾತ್ರ ನನ್ನದು. ತಿಂಗಳಿಗೊಮ್ಮೆ, ಅವರು ಉಪವಾಸ ಮಾಡುವ ಮೊದಲ ಆದಿತ್ಯವಾರ, ಎಲ್ಲಿಗೇ ಬಂದಿರಲಿ, ಆ ಕಾಗದದ ಹಾಳೆಗೆ ಹೋಗಬೇಕಿತ್ತು. ಓದುವಾಗ ಅವರ ತುಟಿ ಅಲುಗುತ್ತಿತ್ತು.

ಎಂಬತ್ತನಾಲ್ಕರಲ್ಲಿ ಮೇಡಮ್ಮನಿಂದ ಒಂದು ಫಾರಂ ಬಂತು. ಸತ್ತ ಮೇಲೂ ಸಂಸಾರವನ್ನು ಒಟ್ಟುಗೂಡಿಸುವ ವಿಧಿಯೊಂದು ಅವರ ದೇವಾಲಯಗಳಲ್ಲಿ ಉಂಟಂತೆ. ಅದಕ್ಕೆ ಗಂಡ, ಹೆಂಡತಿ, ಮಗುವಿನ ಹೆಸರು, ಹುಟ್ಟಿದ ದಿನ, ಊರು ಬರೆದು ಕಳಿಸಬೇಕು. ನಾನು ಬರೆಯುತ್ತ ಹೋಗಿ ಮಗುವಿನ ಹೆಸರಿನ ಜಾಗದಲ್ಲಿ ನಿಂತೆ. ಸೆಲೀನ್‌ಬಾಯಿ ಎದ್ದು ಒಲೆಯ ಹತ್ತಿರ ಹೋದರು. ಕಷಾಯ ಕುದಿದು ಉಕ್ಕಿತು, ಅವರು ನೋಡಲಿಲ್ಲ.

"ಅಲೋಶಿಯಸ್ ಅಂತ ಬರಿ," ಎಂದರು, ಬೆನ್ನು ನನ್ನ ಕಡೆಗಿತ್ತು. "ನನ್ನ ಅಪ್ಪನ ಹೆಸರು. ಅಜ್ಜನ ಹೆಸರು ಇಡುವುದು ನಮ್ಮಲ್ಲಿ ಉಂಟು."

ಆಗ ಮಗುವಿಗೆ ಹದಿಮೂರು ವರ್ಷ ಆಗಿರಬೇಕಿತ್ತು.

ಮರುವರ್ಷದ ಕೊನೆಗೆ ಅವರ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಆಸ್ಪತ್ರೆಯವರು ತೆರೆದು ನೋಡಿ, ಹಾಗೆಯೇ ಹೊಲಿದು ಮನೆಗೆ ಕಳಿಸಿದರು. ಲಿಯೋನೆಲ್ ಅವರನ್ನು ದೊಡ್ಡ ಮನೆಗೆ ತಂದು ಮಲಗಿಸಿದರು. ಬರ್ತಾಬಾಯಿ ಬಟ್ಟೆ ಬದಲಿಸಿದರು, ಕಷಾಯವನ್ನು ತಾವೇ ಚಮಚದಲ್ಲಿ ಕುಡಿಸಿದರು. ಇಗರ್ಜಿಯ ಹಿರಿಯ ಪಾದ್ರಿ, ವಿಗಾರರು, ನೋಡಲು ಬಂದರು. ಮೆತ್ತಗಿನ ಮನುಷ್ಯ.

"ಒಂದು ಮಾತು ಹೇಳಿ ಬಾಯಿ, ವಾಪಸು ಬಂದೆ ಅಂತ. ತಲೆ ಆಡಿಸಿದರೂ ಸಾಕು. ಒಳಗೆ ನಿಮ್ಮ ಅಪ್ಪನ ಜಾಗದಲ್ಲೇ ಮಲಗಬಹುದು. ಇಲ್ಲದಿದ್ದರೆ ಹೊರಗೆ ಆಗ್ತದೆ. ನನ್ನ ಕೈಯಲ್ಲಿ ಇಲ್ಲ."

"ನನಗೆ ಹೊರಗೆಯೇ ಬೇಕು ಫಾದರ್. ಅಲ್ಲಿ ನನಗೆ ಜನ ಉಂಟು."

ಲಿಯೋನೆಲ್ ಬಾಗಿಲ ಬಳಿ ನಿಂತಿದ್ದರು. "ಸೆಲೀನ್, ಒಳಗೆ ಬಾ. ನಾನು ಹೇಳ್ತೇನೆ ಅಲ್ವಾ, ಒಳಗೆ ಬಾ," ಎಂದರು. ಅವರ ದನಿ ಕೇಳಿ ನಾನು ತಿರುಗಿ ನೋಡಿದೆ. ಹಟ ಮಾಡುವ ಮಗುವಿನ ಹಾಗಿತ್ತು ಮುಖ.

ಆ ವಾರವೇ ಸೆಲೀನ್‌ಬಾಯಿ ನನ್ನಿಂದ ಒಂದು ಚೀಟಿ ಬರೆಸಿದರು. ತನ್ನನ್ನು ಗೋಡೆಯ ಹೊರಗೆ, ಹೊನ್ನೆಮರದ ಬುಡದಲ್ಲಿ, ಮಗುವಿನ ಪಕ್ಕದಲ್ಲೇ ಹೂಳಬೇಕು. ತಾನು ನಂಬಿದ್ದನ್ನು ಬಿಟ್ಟಿಲ್ಲ. ಕೆಳಗೆ ರುಜು ಹಾಕಿದರು.

"ಇನ್ನು ನನಗೆ ಮಾತು ನಿಂತರೆ ಇದನ್ನು ವಿಗಾರರಿಗೆ ಕೊಡು. ಲಿಯೋನೆಲ್‌ಗೆ ಅಲ್ಲ. ಅವನು ಹರಿದು ಹಾಕಿದರೂ ಹಾಕಿದನೇ. ಪಾಪದವನು."

ಎಂಬತ್ತಾರರ ಮಾರ್ಚಿನಲ್ಲಿ ಮಾತು ನಿಂತಿತು. ಬೆಳಿಗ್ಗೆ ಕಾಲೇಜಿಗೆ ಹೋಗುವ ಬಸ್ಸು ಬಿಟ್ಟು ನಾನು ಚೀಟಿ ಹಿಡಿದುಕೊಂಡು ಇಗರ್ಜಿಯ ಕಡೆ ನಡೆದೆ. ಲಿಯೋನೆಲ್ ಎದುರಿಗೆ ಬಂದರು.

"ಎಂತ ಅದು ಕೈಯಲ್ಲಿ?"

ಸುಳ್ಳು ಹೇಳಲು ಬರಲಿಲ್ಲ, ಇದ್ದದ್ದನ್ನು ಹೇಳಿದೆ. ಅವರು ಚೀಟಿಯನ್ನು ಕೇಳಲಿಲ್ಲ, ಕಿತ್ತುಕೊಳ್ಳಲಿಲ್ಲ. ರಸ್ತೆಬದಿಯ ಮೋರಿಯ ಕಟ್ಟೆಯ ಮೇಲೆ ಕೂತರು.

"ನಾನು ಈಗ ಅಲ್ಲಿಂದಲೇ ಬಂದೆ. ಅವಳು ತಲೆ ಆಡಿಸಿದಳು ಅಂತ ಫಾದರಿಗೆ ಹೇಳಿದ್ದೇನೆ. ಮಧ್ಯಾಹ್ನ ಬಂದು ಕೊನೆಯ ಎಣ್ಣೆ ಹಚ್ಚುತ್ತಾರೆ."

"ಆಡಿಸಿದರಾ?"

"ಉಸಿರು ಎಳೆಯುವಾಗ ತಲೆ ಆಡ್ತದೆ ಅಲ್ವಾ, ಮಗಳೇ."

ನಾನು ಮುಂದಕ್ಕೆ ಹೆಜ್ಜೆ ಇಟ್ಟೆ. ಅವರು ನನ್ನನ್ನು ನೋಡದೆ ಹೇಳಿದರು:

"ಹೊನ್ನೆಮರದ ಬುಡದಲ್ಲಿ ಎಂತದೂ ಇಲ್ಲ."

ಮಗುವನ್ನು ಹೂಳಲು ಹೋದ ದಿನ ತೋಡಿದಷ್ಟೂ ಗುಂಡಿಗೆ ನೀರು ತುಂಬುತ್ತಿತ್ತಂತೆ. ಪೆಟ್ಟಿಗೆ ಇಟ್ಟರೆ ಮೇಲೆ ಬಂತು. ಕೈಯಿಂದ ಒತ್ತಿ ಹಿಡಿದು ಮಣ್ಣು ಹಾಕಿದರೂ ಮೇಲೆ ಬಂತು. "ಎರಡು ಸಲ. ಮೂರನೇ ಸಲ ಒತ್ತಲಿಕ್ಕೆ ನನಗೆ ಕೈ ಬರಲಿಲ್ಲ." ಗೋಡೆಯ ಒಳಗಿನದು ಎತ್ತರದ ಜಾಗ. ಅವರ ಅಪ್ಪ ಹೋಗಿ ಆಗ ಒಂದೇ ವರ್ಷ, ಮಣ್ಣು ಇನ್ನೂ ಸಡಿಲವಾಗಿತ್ತು. ಮಳೆಗೆ ಇಗರ್ಜಿಯ ಸುತ್ತ ಒಂದು ಜೀವ ಇರಲಿಲ್ಲ. ಅವರು ಪೆಟ್ಟಿಗೆಯನ್ನು ಅಪ್ಪನ ಎದೆಯ ಮೇಲೆ ಇಟ್ಟು ಮುಚ್ಚಿ, ಹೊರಗೆ ಬಂದು ಖಾಲಿ ಗುಂಡಿಯನ್ನೂ ಮುಚ್ಚಿದರು.

"ಹೇಳಬಹುದಿತ್ತಲ್ಲ," ಎಂದೆ.

"ಹೇಳಿದರೆ ತೆಗೆಸುತ್ತಿದ್ದರು. ಮರುವರ್ಷ ನನ್ನನ್ನು ಗುರ್ಕಾರ ಮಾಡಿದರು. ಗುರ್ಕಾರನೇ ಕದ್ದು ಹೂಳಿದ್ದಾನೆ ಅಂತ ಆಗುವುದು ಬೇಡ ಅಂತ ಸುಮ್ಮನಾದೆ. ಅಷ್ಟರಲ್ಲಿ ಅವಳು ಆ ಕಲ್ಲಿನ ಮೇಲೆ ಕೂರಲಿಕ್ಕೆ ಶುರು ಮಾಡಿದಳು. ಕೂತೇ ಕೂತಳು. ಒಂದು ವರ್ಷ ಆದ ಮೇಲೆ ಹೇಳಬಹುದು, ಹತ್ತು ವರ್ಷ ಆದ ಮೇಲೆ ಹೇಗೆ ಹೇಳುವುದು?"

"ಅವರು ಮತ ಬಿಟ್ಟಾಗ?"

ಅವರು ಮೋರಿಯ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆದರು. "ಆವತ್ತು ಬಾವಿಕಟ್ಟೆಯಲ್ಲಿ ಕೂತು ಅದನ್ನೇ ಯೋಚನೆ ಮಾಡಿದ್ದು. ಮಗು ಒಳಗೇ ಉಂಟು ಅಂತ ಒಂದು ಮಾತು ಹೇಳಿದ್ದರೆ ಅವಳು ಸಮುದ್ರಕ್ಕೆ ಇಳಿಯುತ್ತಿರಲಿಲ್ಲವೋ ಏನೋ. ಗೊತ್ತಿಲ್ಲ. ನಿನ್ನೆ ಕಿವಿಯಲ್ಲಿ ಹೇಳಿದೆ. ಕೇಳಿತೋ ಇಲ್ಲವೋ."

 ಚೀಟಿಯನ್ನು ವಿಗಾರರ ಕೈಗೆ ಕೊಟ್ಟರೆ ಸೆಲೀನ್‌ಬಾಯಿ ಹೊರಗೆ, ಖಾಲಿ ಮಣ್ಣಿನ ಪಕ್ಕ. ಕೊಡದಿದ್ದರೆ ಒಳಗೆ, ಮಗುವಿನ ಹತ್ತಿರ, ತಾವು ಬಿಟ್ಟುಬಂದ ಪ್ರಾರ್ಥನೆಗಳ ಕೆಳಗೆ. ತಾನು ನಂಬಿದ್ದನ್ನು ಬಿಟ್ಟಿಲ್ಲ ಎಂಬ ಸಾಲನ್ನು ಬರೆದದ್ದು ನನ್ನ ಕೈ. ನಾನು ಚೀಟಿಯನ್ನು ಮತ್ತೆ ಮಡಚಿದೆ. ಆಮೇಲೆ ಮನೆಯ ಕಡೆ ತಿರುಗಿದೆ.

ಮೂರನೆಯ ದಿನ ಸೆಲೀನ್‌ಬಾಯಿಯನ್ನು ಅಪ್ಪನ ಜಾಗದಲ್ಲಿ ಹೂಳಿದರು. ತೋಡುವವರ ಜೊತೆ ಲಿಯೋನೆಲ್ ತಾವೂ ಗುಂಡಿಗೆ ಇಳಿದಿದ್ದರು. ಒಂದು ಆಳಕ್ಕೆ ಬಂದ ಮೇಲೆ ಸಾಕು, ಇನ್ನು ಹಾರೆ ಹಾಕಬೇಡಿ ಎಂದರು. ಯಾಕೆಂದು ಯಾರೂ ಕೇಳಲಿಲ್ಲ. ಮೇಲಿದ್ದ ಹಳೆಯ ಶಿಲುಬೆಯನ್ನು ಮತ್ತೆ ನೆಟ್ಟರು. ಅದರ ಮೇಲೆ ಅಲೋಶಿಯಸ್ ಎಂದು ಬರೆದಿತ್ತು. ಆ ಹೆಸರು ಈಗ ಯಾರೆಲ್ಲರದ್ದು ಎಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಲಿಯೋನೆಲ್‌ಗೆ ನಾನು ಅದನ್ನು ಇನ್ನೂ ಹೇಳಿಲ್ಲ.

ಚೀಟಿ ನೀಲಿ ಪುಸ್ತಕದಲ್ಲಿದೆ, ಆ ಕಾಗದದ ಹಾಳೆಯ ನಡುವೆ. ಪುಸ್ತಕ ನನ್ನ ಹತ್ತಿರವೇ ಉಳಿದಿದೆ.

ಮುಂದಿನ ಆದಿತ್ಯವಾರ ನಾನು ಹೊನ್ನೆಮರದ ಕೆಳಗೆ ಹೋಗಿ ಕಲ್ಲಿನ ಮೇಲೆ ಕೂತೆ. ಹದಿನಾಲ್ಕು ವರ್ಷ ಕೂತು ಕೂತು ಅದರ ಮೇಲ್ಮೈ ನುಣುಪಾಗಿತ್ತು. ಮರದ ಬುಡವನ್ನು ನೋಡಬೇಕೆಂದರೆ ಅಲ್ಲಿ ಒಂದೇ ರೀತಿ ಕೂರಲು ಸಾಧ್ಯ. ಗೋಡೆಯೂ ಅದರಾಚೆಯ ಶಿಲುಬೆಯೂ ಬೆನ್ನ ಹಿಂದೆ ಇದ್ದವು.